ಆವರ್ತಿಸುವ ಕೃಷ್ಣವಿವರವೂ ಅದೃಶ್ಯದ್ರವ್ಯವೂ

ಕಾಣದಿರುವ ವಸ್ತುವನ್ನು ಕುರಿತು ಮಾತನಾಡುವುದು ತತ್ತ್ವಜ್ಞಾನಿಗಳಿಗೆ ಹೊಸತಲ್ಲ. ಭೌತವಿಜ್ಞಾನಿಗಳಿಗೆ ಮಾತ್ರ ಅದು ತುಸು ಮುಜುಗರದ ಸಂಗತಿ. ನೋಡುವುದು, ಅಳೆಯುವುದು, ಅಳೆದುದನ್ನು ಲೆಕ್ಕದೊಡನೆ ತಾಳೆ ನೋಡುವುದು, ಇದು ಅವರ ಕಸುಬಷ್ಟೆ. ಆದರೆ ಇಂದಿನ ಖಗೋಳವಿಜ್ಞಾನದ ಎರಡು ಮಹಾಸಮಸ್ಯೆಗಳು ಕಾಣದ ವಸ್ತುಗಳಿಗೇ ಸಂಬಂಧಿಸಿದವು. ಒಂದು, ಪತ್ರಿಕೆಗಳು ಕಪ್ಪುಕುಳಿ ಎಂದು ಕರೆಯುವ ಕೃಷ್ಣವಿವರ. ಇನ್ನೊಂದು, ಡಾರ್ಕ್ ಮ್ಯಾಟರ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಅದೃಶ್ಯದ್ರವ್ಯ. ಮೊದಲನೆಯದು ಬೆಳಕನ್ನು ನುಂಗಿಬಿಡುವುದರಿಂದ ಕಾಣದು. ಎರಡನೆಯದು ಬೆಳಕಿಗೆ ಸೊಪ್ಪೇ ಹಾಕದಿರುವುದರಿಂದ ಕಾಣದು.

ಈ ಎರಡು ಕತ್ತಲೆಗಳೂ ಒಂದೇ ಮನೆಯಲ್ಲಿ ವಾಸವಾಗಿವೆ. ದೊಡ್ಡ ಗೆಲಕ್ಸಿಗಳ ನಟ್ಟನಡುವೆ ಲಕ್ಷಾಂತರ, ಕೋಟ್ಯಂತರ ಸೂರ್ಯರ ತೂಕದ ಕೃಷ್ಣವಿವರ ಕುಳಿತಿರುತ್ತದೆ. ಅದೇ ಗೆಲಕ್ಸಿಯನ್ನು ಒಳಗೂ ಹೊರಗೂ ವ್ಯಾಪಿಸಿಕೊಂಡು ಅದೃಶ್ಯದ್ರವ್ಯದ ಪರಿವೇಷವಿರುತ್ತದೆ. ಹಾಗಾದರೆ ಕೃಷ್ಣವಿವರದ ಚಿತ್ರವನ್ನು ತೆಗೆದಾಗ ಆ ಚಿತ್ರದಲ್ಲಿ ಅದೃಶ್ಯದ್ರವ್ಯದ ಗುರುತು ಏನಾದರೂ ಮೂಡೀತೇ? ನಾನು ಇಂದು ವಿಚಾರ ಮಾಡಬೇಕೆಂದಿರುವ ಪ್ರಶ್ನೆ ಇದು. ಇದರ ಹಿಂದೆ ಎರಡು ಕಾಳಜಿಗಳುಂಟು. ಗುರುತು ಮೂಡುವುದಾದರೆ, ತೊಂಬತ್ತು ವರ್ಷಗಳಿಂದ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತಿರುವ ದ್ರವ್ಯದ ಸ್ವರೂಪವನ್ನು ತಿಳಿಯಲು ಹೊಸ ದಾರಿಯೊಂದು ತೆರೆಯುತ್ತದೆ. ಆದರೆ ಅದೇ ಕಾರಣದಿಂದ ಇನ್ನೊಂದು ತೊಡಕೂ ಹುಟ್ಟುತ್ತದೆ. ಐನ್‌ಸ್ಟೈನರ ಸಿದ್ಧಾಂತವನ್ನು ಒರೆಗೆ ಹಚ್ಚಲು ನಾವು ಬಳಸುತ್ತಿರುವ ಚಿತ್ರವೇ ಕಲಬೆರಕೆಯದಾಗಿರಬಹುದು.

ಮೊದಲು ಚಿತ್ರದ ವಿಷಯ. 2019ರ ಏಪ್ರಿಲ್ 10ರಂದು ಕೃಷ್ಣವಿವರವೊಂದರ ಮೊಟ್ಟಮೊದಲ ಚಿತ್ರ ಪ್ರಕಟವಾಯಿತು. ಕನ್ಯಾರಾಶಿಯ ದಿಕ್ಕಿನಲ್ಲಿ, ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎಂ 87 ಎಂಬ ಗೆಲಕ್ಸಿ ಇದೆ. ಮೆಸ್ಯೇ ಎಂಬ ಫ್ರೆಂಚ್ ಖಗೋಳಜ್ಞ 1781ರಲ್ಲಿ ತನ್ನ ಪಟ್ಟಿಗೆ ಸೇರಿಸಿದ ಕಾಯವಿದು. ಇದರ ಕೇಂದ್ರವನ್ನು ಚಿಲಿ, ಹವಾಯಿ, ಅರಿಜ಼ೋನ, ಮೆಕ್ಸಿಕೋ, ಸ್ಪೇನ್ ಎಂಬ ಐದು ಸ್ಥಳಗಳಲ್ಲಿದ್ದ ಏಳು ರೇಡಿಯೋ ದೂರದರ್ಶಕಗಳು ಸೇರಿ 2017ರ ಏಪ್ರಿಲ್‌ನಲ್ಲಿ ವೀಕ್ಷಿಸಿದುವು. ಈ ಕೂಟಕ್ಕೆ ಈವೆಂಟ್ ಹೊರೈಜ಼ನ್ ಟೆಲಿಸ್ಕೋಪ್, ಎಂದರೆ ಘಟನಾದಿಗಂತ ದೂರದರ್ಶಕ ಎಂದು ಹೆಸರು. ಅವು ಹಿಡಿದ ಅಲೆಗಳ ಉದ್ದ 1.3 ಮಿಲಿಮೀಟರ್. ಹೀಗೆ ಭೂಮಿಯಷ್ಟೇ ಅಗಲವಾದ ಒಂದೇ ದೂರದರ್ಶಕ ಸಿದ್ಧವಾದಂತಾಯಿತು. ಚಿತ್ರದಲ್ಲಿ ಕಂಡದ್ದು ಹೊಳೆಯುವ ಒಂದು ಉಂಗುರ, ಅದರ ನಡುವೆ ಕಪ್ಪು. ಉಂಗುರದ ವ್ಯಾಸ 42 ಮೈಕ್ರೋವಿಕಲೆ. ಡಿಗ್ರಿಯ 3,600ನೆಯ ಒಂದು ಪಾಲು ವಿಕಲೆ. ಅದರ ಹತ್ತು ಲಕ್ಷದ ಒಂದು ಪಾಲು ಮೈಕ್ರೋವಿಕಲೆ. ಚಂದ್ರನ ಮೇಲೆ ಒಂದು ಕಿತ್ತಳೆಹಣ್ಣನ್ನಿಟ್ಟು ಇಲ್ಲಿಂದ ನೋಡಿದರೆ ಎಷ್ಟಾಗಿ ಕಂಡೀತೋ ಅಷ್ಟು. 2022ರ ಮೇ 12ರಂದು ನಮ್ಮದೇ ಆಕಾಶಗಂಗೆಯ ಕೇಂದ್ರದಲ್ಲಿ, ಧನುರಾಶಿಯ ದಿಕ್ಕಿನಲ್ಲಿ, 27,000 ಜ್ಯೋತಿರ್ವರ್ಷ ದೂರದಲ್ಲಿರುವ ಕೃಷ್ಣವಿವರದ ಚಿತ್ರವೂ ಹೊರಬಂದಿತು. ಅದರ ಉಂಗುರ ಸುಮಾರು 52 ಮೈಕ್ರೋವಿಕಲೆ.

ಅದೇ 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗುಗಳ ಕಡೆಯ ಜನ ಕಂಕಣ ಸೂರ್ಯಗ್ರಹಣವನ್ನು ನೋಡಿದ್ದಾರೆ. ನೋಟಕ್ಕೆ ಎರಡು ಉಂಗುರಗಳೂ ಒಂದೇ ಬಗೆಯವೆಂದು ತೋರಬಹುದು. ಆದರೆ ಗ್ರಹಣದ ಉಂಗುರದಲ್ಲಿ ಚಂದ್ರ ತನ್ನ ಮೈಯಷ್ಟು ಸೂರ್ಯನನ್ನು ಮರೆಮಾಡುತ್ತಾನೆ. ಅಲ್ಲಿ ಬೆಳಕು ನೇರವಾಗಿ ಬರುತ್ತದೆ. ಕೃಷ್ಣವಿವರದ ಬಳಿ ಬೆಳಕು ಬಾಗುತ್ತದೆ. ಇದರಿಂದ ಅಲ್ಲಿನ ಕಪ್ಪುಬಿಲ್ಲೆ ಕೃಷ್ಣವಿವರದ ಮೈಗಿಂತ ಬಹಳ ದೊಡ್ಡದಾಗಿ ಕಾಣುತ್ತದೆ. ದಾಟಿದ ಬೆಳಕು ಹಿಂದಿರುಗಲಾರದ ಗಡಿಗೆ ಘಟನಾದಿಗಂತವೆಂದು ಹೆಸರು. ಆವರ್ತಿಸದ ಕೃಷ್ಣವಿವರದಲ್ಲಿ ಈ ದಿಗಂತದ ತ್ರಿಜ್ಯವನ್ನು ಒಂದು ಅಳತೆಗೋಲೆಂದು ಹಿಡಿಯೋಣ. ಒಂದೂವರೆ ಅಳತೆಗೋಲಿನ ದೂರದಲ್ಲಿ ಬೆಳಕು ವೃತ್ತವಾಗಿ ಸುತ್ತಬಲ್ಲದು. ದೂರದಿಂದ ಬರುವ ಕಿರಣವೊಂದು ಕೇಂದ್ರದಿಂದ 2.6 ಅಳತೆಗೋಲಿಗಿಂತ ಒಳಗೆ ಗುರಿಯಿಟ್ಟಿದ್ದರೆ ಅದು ಒಳಸರಿದು ಕಾಣೆಯಾಗುತ್ತದೆ. ಆದುದರಿಂದ ನಮಗೆ ತೋರುವ ನೆರಳು ದಿಗಂತದ 2.6 ಪಟ್ಟು. ಎಂ 87ರ ಕೃಷ್ಣವಿವರ 650 ಕೋಟಿ ಸೂರ್ಯರ ತೂಕದ್ದು. ಲೆಕ್ಕ ಹಾಕಿದರೆ ನೆರಳಿನ ವ್ಯಾಸ ಸುಮಾರು 10,000 ಕೋಟಿ ಕಿಲೋಮೀಟರ್. ನೆಪ್ಚೂನ್ ಗ್ರಹದ ಕಕ್ಷೆಯಂಥ ಹನ್ನೊಂದು ಕಕ್ಷೆಗಳನ್ನು ಸಾಲಾಗಿ ಜೋಡಿಸಿದರೆ ಇದರ ಅಡ್ಡಳತೆಯಾಗುತ್ತದೆ.

ಇನ್ನು ಆವರ್ತನೆ. ನಿಶ್ಚಲವಾದ ಕೃಷ್ಣವಿವರದ ಗಣಿತವನ್ನು ಶ್ವಾರ್ಜ಼್‌ಶೀಲ್ಡ್ 1916ರಲ್ಲೇ ಕೊಟ್ಟಿದ್ದರು. ಆವರ್ತಿಸುವ ಕೃಷ್ಣವಿವರದ ಗಣಿತ ದೊರೆಯಲು 1963ರವರೆಗೆ ಕಾಯಬೇಕಾಯಿತು. ಅದನ್ನು ಕೊಟ್ಟವರು ನ್ಯೂಜ಼ಿಲೆಂಡಿನ ರಾಯ್ ಕೆರ್. ಕೆರ್ ಕೃಷ್ಣವಿವರ ತನ್ನ ಸುತ್ತಣ ದೇಶವನ್ನೇ ತನ್ನೊಡನೆ ಸೆಳೆದುಕೊಂಡು ಸುತ್ತುತ್ತದೆ, ಹೊಳೆಯ ಸುಳಿ ನೀರನ್ನು ಸೆಳೆಯುವಂತೆ. ದಿಗಂತದ ಹೊರಗೆ ಒಂದು ವಲಯವಿದೆ. ಅಲ್ಲಿಗೆ ಹೋದ ಯಾವ ವಸ್ತುವೂ ನಿಂತಲ್ಲಿ ನಿಲ್ಲಲಾರದು, ಸುತ್ತಲೇಬೇಕು. ಆದರೆ ಅಲ್ಲಿಂದ ಹೊರಬರುವುದು ಇನ್ನೂ ಸಾಧ್ಯ. ನಿಶ್ಚಲ ವಿವರದಲ್ಲಿ ಈ ಎರಡು ಗಡಿಗಳೂ ಒಂದೇ, ಆವರ್ತಿಸುವ ವಿವರದಲ್ಲಿ ಬೇರೆ ಬೇರೆ ಎಂಬುದನ್ನು 1968ರ ಲೇಖನವೊಂದರಲ್ಲಿ ಸ್ಪಷ್ಟಪಡಿಸಿದವರು ನಮ್ಮ ಬೆಂಗಳೂರಿನವರಾದ ಸಿ. ವಿ. ವಿಶ್ವೇಶ್ವರ. ಆಗ ಅವರು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿದ್ದರು. 1970ರಲ್ಲಿ ಅವರು, ಕಲಕಿದ ಕೃಷ್ಣವಿವರ ಬಡಿದ ಗಂಟೆಯಂತೆ ಮಿಡಿದು ಶಾಂತವಾಗುತ್ತದೆಂದೂ ತೋರಿಸಿದರು. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದ ವಿಶ್ವೇಶ್ವರ ತೀರಿಕೊಂಡದ್ದು 2017ರ ಜನವರಿಯಲ್ಲಿ, ಎಂ 87ರ ವೀಕ್ಷಣೆಗೆ ಮೂರು ತಿಂಗಳು ಮೊದಲು.

ಆವರ್ತನೆ ನೆರಳಿನ ಆಕಾರವನ್ನು ಹೇಗೆ ಬದಲಿಸುತ್ತದೆ? ಜೇಮ್ಸ್ ಬಾರ್ಡೀನ್ 1973ರಲ್ಲಿ ಪ್ರಕಟಿಸಿದ ಲೆಕ್ಕ ಇದಕ್ಕೆ ಉತ್ತರ. ಸುಳಿಯ ದಿಕ್ಕಿನಲ್ಲೇ ಸಾಗುವ ಕಿರಣಕ್ಕೆ ಸುಳಿಯೇ ಸಹಾಯಕ. ಅದು ಬಹಳ ಹತ್ತಿರ ಸುಳಿದೂ ತಪ್ಪಿಸಿಕೊಂಡು ಬರುತ್ತದೆ. ಎದುರುದಿಕ್ಕಿನಲ್ಲಿ ಸಾಗುವ ಕಿರಣ ದೂರದಲ್ಲೇ ಸಿಕ್ಕಿಬೀಳುತ್ತದೆ. ಸಾಧ್ಯವಾದ ಅತಿ ಹೆಚ್ಚಿನ ವೇಗದಲ್ಲಿ ಆವರ್ತಿಸುವ ವಿವರವನ್ನು ಅದರ ಸಮಭಾಜಕದ ಮಟ್ಟದಿಂದ ನೋಡಿದರೆ, ಎರಡು ಬದಿಗೂ 2.6 ಅಳತೆಗೋಲು ಇದ್ದ ನೆರಳು ಒಂದು ಬದಿಯಲ್ಲಿ 1ಕ್ಕೆ ಇಳಿಯುತ್ತದೆ, ಇನ್ನೊಂದು ಬದಿಯಲ್ಲಿ 3.5ಕ್ಕೆ ಏರುತ್ತದೆ. ಅಗಲ 5.2ರಿಂದ 4.5ಕ್ಕೆ ತಗ್ಗುತ್ತದೆ, ಎತ್ತರ ಮಾತ್ರ ಮೊದಲಿನಷ್ಟೇ. ಹೀಗಾಗಿ ನೆರಳು ಪಕ್ಕಕ್ಕೆ ಸರಿದು, ಒಂದು ಬದಿ ಚಪ್ಪಟೆಯಾಗಿ, ಕತ್ತರಿಸಿದ ಬಿಲ್ಲೆಯಂತಾಗುತ್ತದೆ. ಅಕ್ಷದ ಮೇಲಿನಿಂದ, ಬುಗುರಿಯನ್ನು ತಲೆಯ ಕಡೆಯಿಂದ ನೋಡಿದಂತೆ, ನೋಡಿದರೆ ನೆರಳು ಪೂರ್ಣವೃತ್ತವಾಗಿಯೇ ಕಾಣುತ್ತದೆ. ಎಂ 87ನ್ನು ನಾವು ನೋಡುತ್ತಿರುವುದು ಬಹುಮಟ್ಟಿಗೆ ಹೀಗೆಯೇ. ಅದರಿಂದ ಚಿಮ್ಮುವ ಅನಿಲಧಾರೆ ನಮ್ಮ ದೃಷ್ಟಿರೇಖೆಗೆ ಸುಮಾರು 17 ಡಿಗ್ರಿ ಓರೆಯಾಗಿದೆ ಅಷ್ಟೆ. ಉಂಗುರದ ದಕ್ಷಿಣಭಾಗ ಹೆಚ್ಚು ಹೊಳೆಯುವುದಕ್ಕೆ ಕಾರಣ ನೆರಳಿನ ಆಕಾರವಲ್ಲ; ಅಲ್ಲಿನ ಅನಿಲ ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ನಮ್ಮತ್ತ ಧಾವಿಸುತ್ತಿರುವುದು. ಆದ್ದರಿಂದ ತೂಕ ಗೊತ್ತಿದ್ದರೆ ನೆರಳಿನ ಗಾತ್ರ ಹೆಚ್ಚುಕಡಮೆ ಗೊತ್ತಾದಂತೆಯೇ. ಆವರ್ತನೆ ಎಷ್ಟೇ ಇರಲಿ, ನೋಟದ ಕೋನ ಯಾವುದೇ ಇರಲಿ, ಸರಾಸರಿ ಗಾತ್ರದಲ್ಲಿ ಬರುವ ವ್ಯತ್ಯಾಸ ನೂರಕ್ಕೆ ಕೆಲವೇ ಪಾಲು. ಮುಂದಿನ ವಾದಕ್ಕೆಲ್ಲ ಇದೇ ಆಧಾರ.

ಇನ್ನು ಎರಡನೆಯ ಕತ್ತಲೆಗೆ ಬರೋಣ. ಕೋಮಾ ಗೆಲಕ್ಸಿಸಮೂಹದ ಗೆಲಕ್ಸಿಗಳು ಕಣ್ಣಿಗೆ ಕಾಣುವ ದ್ರವ್ಯದ ಹಿಡಿತಕ್ಕೆ ಮೀರಿದ ವೇಗದಲ್ಲಿ ಓಡುತ್ತಿವೆ ಎಂದು ಫ್ರಿಟ್ಸ್ ಜ಼್ವಿಕಿ 1933ರಲ್ಲಿ ಗಮನಿಸಿದರು. 1970ರಲ್ಲಿ ವೇರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೋಮೆಡಾ ಗೆಲಕ್ಸಿಯ ಆವರ್ತನೆಯನ್ನು ಅಳೆದರು. ಸೂರ್ಯನಿಂದ ದೂರ ಹೋದಂತೆ ಗ್ರಹಗಳ ವೇಗ ಕುಂದುತ್ತದೆ. ಗೆಲಕ್ಸಿಯ ಅಂಚಿನಲ್ಲಿ ಹಾಗೆ ಕುಂದುವುದಿಲ್ಲವೆಂದು ಇಂಥ ಅಳತೆಗಳು ಆ ದಶಕದಲ್ಲಿ ಸ್ಥಾಪಿಸಿದುವು. ಅಂದರೆ ಕಾಣದ ದ್ರವ್ಯ ಅಲ್ಲಿ ಹೇರಳವಾಗಿದೆ. ವಿಶ್ವದ ಒಟ್ಟು ದ್ರವ್ಯದಲ್ಲಿ ಆರರಲ್ಲಿ ಐದು ಪಾಲು ಈ ಜಾತಿಯದೆಂದು ಇಂದಿನ ಲೆಕ್ಕ. ಆದರೆ ಅದು ಎಷ್ಟು ವಿರಳವೆಂಬುದನ್ನೂ ಅರಿತಿರಬೇಕು. ಸೂರ್ಯನ ನೆರೆಯಲ್ಲಿ, ನಮ್ಮ ಇಡೀ ಭೂಮಿಯ ಗಾತ್ರದಷ್ಟು ಜಾಗದಲ್ಲಿ ಇರುವ ಅದೃಶ್ಯದ್ರವ್ಯ ಅರ್ಧದಿಂದ ಮುಕ್ಕಾಲು ಕಿಲೋಗ್ರಾಂ ಮಾತ್ರ. ಗೆಲಕ್ಸಿ ಅಗಾಧವಾದುದರಿಂದ ಈ ವಿರಳದ್ರವ್ಯವೂ ಒಟ್ಟಿನಲ್ಲಿ ಅಪಾರವಾಗುತ್ತದೆ.

ಈ ಪರಿವೇಷ ಕೃಷ್ಣವಿವರದ ನೋಟವನ್ನು ಬದಲಿಸಬಲ್ಲದೆ? ನ್ಯೂಟನ್ನನ ಹಳೆಯ ಪ್ರಮೇಯವೊಂದು ಇಲ್ಲಿ ನೆರವಿಗೆ ಬರುತ್ತದೆ. ಪೊಳ್ಳಾದ ಗೋಳವೊಂದರ ಒಳಗಿರುವವನಿಗೆ ಆ ಗೋಳದ ಸೆಳೆತ ಸ್ವಲ್ಪವೂ ಇಲ್ಲ. ಎಲ್ಲ ಬದಿಯ ಗೋಡೆಗಳ ಸೆಳೆತಗಳೂ ಒಂದನ್ನೊಂದು ಹೊಡೆದುಹಾಕುತ್ತವೆ. ಐನ್‌ಸ್ಟೈನರ ಸಿದ್ಧಾಂತದಲ್ಲೂ ಇದು ನಿಜ. ಎಂದಮೇಲೆ ಉಂಗುರದಿಂದ ಹೊರಗೆ, ಸಾವಿರಾರು ಜ್ಯೋತಿರ್ವರ್ಷಗಳವರೆಗೆ ಹರಡಿರುವ ಪರಿವೇಷ ಉಂಗುರದ ಬಳಿ ಬೆಳಕನ್ನು ಬಾಗಿಸಲಾರದು. ಅದು ಮಾಡಬಲ್ಲದ್ದು ಇಷ್ಟೆ: ಒಳಗಿನ ಗಡಿಯಾರಗಳನ್ನು ತುಸು ನಿಧಾನಗೊಳಿಸುವುದು, ಹೊರಬರುವ ಬೆಳಕನ್ನು ತುಸು ಕೆಂಪಾಗಿಸುವುದು, ದಾರಿಯಲ್ಲಿ ತುಸು ಓರೆಮಾಡುವುದು. ಎಷ್ಟು ತುಸು? ಗೆಲಕ್ಸಿಯಲ್ಲಿ ವಸ್ತುಗಳು ಸುತ್ತುವ ವೇಗದಿಂದ ಇದನ್ನು ಅಂದಾಜು ಮಾಡಬಹುದು. ಆ ವೇಗ ಸೆಕೆಂಡಿಗೆ ಕೆಲವು ನೂರು ಕಿಲೋಮೀಟರ್. 300 ಎಂದಿಟ್ಟುಕೊಂಡರೆ ಬೆಳಕಿನ ವೇಗದ ಸಾವಿರದ ಒಂದು ಪಾಲು. ಗುರುತ್ವದ ಈ ಪರಿಣಾಮಗಳು ಆ ಪಾಲಿನ ವರ್ಗದಷ್ಟಿರುತ್ತವೆ, ಎಂದರೆ ಹತ್ತು ಲಕ್ಷದ ಒಂದು ಪಾಲು. ಎಂ 87ರ ಉಂಗುರದ ಅಳತೆಯಲ್ಲಿ ಇರುವ ಅನಿಶ್ಚಿತತೆ ನೂರಕ್ಕೆ ಏಳು. ಹತ್ತು ಲಕ್ಷದ ಒಂದು ಪಾಲನ್ನು ಅಲ್ಲಿ ಹುಡುಕುವುದು, ಕಲ್ಲಿದ್ದಲಿನ ತಕ್ಕಡಿಯಲ್ಲಿ ಸಾಸಿವೆಯನ್ನು ತೂಗಿದಂತೆ. ಸಾಮಾನ್ಯ ಪರಿವೇಷದಿಂದ ನೆರಳಿಗೆ ಯಾವ ಬಾಧೆಯೂ ಇಲ್ಲ.

ಹಾಗಿದ್ದರೂ ಅದೃಶ್ಯದ್ರವ್ಯ ಈ ಚಿತ್ರದ ಕಥೆಯಲ್ಲಿ ಬೇರೊಂದು ಬಾಗಿಲಿನಿಂದ ಪ್ರವೇಶಿಸಿತ್ತು. ಇದು ನನಗೆ ಬಹಳ ಬೋಧಪ್ರದವಾಗಿ ತೋರುವ ಪ್ರಸಂಗ. ಎಂ 87ರ ಕೃಷ್ಣವಿವರವನ್ನು ತೂಗುವುದು ಅದರ ಸುತ್ತಣ ನಕ್ಷತ್ರಗಳ ವೇಗದಿಂದ. ನಕ್ಷತ್ರಗಳನ್ನು ಸೆಳೆಯುವ ದ್ರವ್ಯದಲ್ಲಿ ಒಂದು ಪಾಲು ಕೃಷ್ಣವಿವರದ್ದು, ಉಳಿದುದು ನಕ್ಷತ್ರಗಳದ್ದೇ. ನಕ್ಷತ್ರಗಳ ಬೆಳಕನ್ನು ನೋಡಿ ಅವುಗಳ ತೂಕವನ್ನು ಕಟ್ಟಬೇಕು. ಇಷ್ಟು ಬೆಳಕಿಗೆ ಇಷ್ಟು ತೂಕ ಎಂಬ ಪ್ರಮಾಣವೊಂದನ್ನು ಇಡೀ ಗೆಲಕ್ಸಿಗೆ ಹೊಂದುವಂತೆ ಗೊತ್ತುಮಾಡಬೇಕು. ಮೊದಲ ಲೆಕ್ಕಗಳಲ್ಲಿ ಅದೃಶ್ಯದ್ರವ್ಯವನ್ನು ಬಿಟ್ಟಿದ್ದರು. ಕೇಂದ್ರದ ಬಳಿ ಅದು ನಗಣ್ಯವಲ್ಲವೆ ಎಂಬ ಭಾವನೆ. ಆದರೆ ಗೆಲಕ್ಸಿಯ ಹೊರಭಾಗದಲ್ಲಿ ಅದು ನಗಣ್ಯವಲ್ಲ. ಅದನ್ನು ಬಿಟ್ಟರೆ ಹೊರಗಣ ವೇಗಗಳಿಗೆ ಕಾರಣ ಕೊಡಲು ನಕ್ಷತ್ರಗಳಿಗೇ ಹೆಚ್ಚು ತೂಕ ಹೊರಿಸಬೇಕಾಗುತ್ತದೆ. ಹೊರಗೆ ಹೊರಿಸಿದ ಆ ತೂಕ ಒಳಗಿನ ನಕ್ಷತ್ರಗಳಿಗೂ ಅನ್ವಯಿಸುವುದರಿಂದ, ಕೇಂದ್ರದಲ್ಲಿ ಕೃಷ್ಣವಿವರದ ಪಾಲಿಗೆ ಉಳಿಯುವ ತೂಕ ಕಡಮೆಯಾಗುತ್ತದೆ. 2009ರಲ್ಲಿ ಕಾರ್ಲ್ ಗೆಬ್‌ಹಾರ್ಟ್ ಮತ್ತು ಯೆನ್ಸ್ ತೋಮಾಸ್ ಪರಿವೇಷವನ್ನೂ ಸೇರಿಸಿ ಲೆಕ್ಕವನ್ನು ಮತ್ತೆ ಮಾಡಿದರು. ಕೃಷ್ಣವಿವರದ ತೂಕ 640 ಕೋಟಿ ಸೂರ್ಯರಷ್ಟಾಯಿತು. ಪರಿವೇಷವನ್ನು ಬಿಟ್ಟು ಮಾಡಿದಾಗ ಬರುತ್ತಿದ್ದುದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ! ಬಹುದೂರದ ಕತ್ತಲೆಯೊಂದನ್ನು ಲೆಕ್ಕಕ್ಕೆ ಸೇರಿಸಿದ್ದರಿಂದ ಕೇಂದ್ರದ ಕತ್ತಲೆಯ ತೂಕ ಇಮ್ಮಡಿಯಾಯಿತು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಕೇಂದ್ರದ ಬಳಿ ಸುತ್ತುವ ಅನಿಲದ ವೇಗವನ್ನು ಅಳೆದ ಇನ್ನೊಂದು ತಂಡ 2013ರಲ್ಲಿ 350 ಕೋಟಿ ಎಂದಿತು. ಎರಡೂ ಪಕ್ಷಗಳು ಬಲವಾಗಿಯೇ ಇದ್ದುವು. ನೆರಳಿನ ಗಾತ್ರ ತೂಕಕ್ಕೆ ನೇರ ಅನುಪಾತದಲ್ಲಿರುವುದರಿಂದ, 350 ಕೋಟಿ ಸರಿಯಾದರೆ ಉಂಗುರ ಸುಮಾರು 22 ಮೈಕ್ರೋವಿಕಲೆ ಇರಬೇಕು. 640 ಕೋಟಿ ಸರಿಯಾದರೆ 40ರ ಆಸುಪಾಸಿನಲ್ಲಿ. 2019ರಲ್ಲಿ ಬಂದ ತೀರ್ಪು 42. ಅದೃಶ್ಯದ್ರವ್ಯವನ್ನು ಸೇರಿಸಿ ನಕ್ಷತ್ರಗಳಿಂದ ತೂಗಿದವರ ಪಕ್ಷವೇ ಗೆದ್ದಿತು. ಪರಿವೇಷ ಆ ಉಂಗುರವನ್ನು ಒಂದು ಕೂದಲೆಳೆಯಷ್ಟೂ ಅಲುಗಿಸಿರಲಿಲ್ಲ. ಆದರೆ ಉಂಗುರ ಎಷ್ಟು ದೊಡ್ಡದಿರಬೇಕೆಂದು ಮುಂಗಂಡು ಹೇಳಲು ಪರಿವೇಷದ ಅರಿವು ಅಗತ್ಯವಾಗಿತ್ತು.

ಇದೇ ಪ್ರಸಂಗ ಒಂದು ಪರೀಕ್ಷಾಕ್ರಮವನ್ನೂ ತಿಳಿಸಿಕೊಡುತ್ತದೆ. ಕೃಷ್ಣವಿವರದ ತೀರ ಹತ್ತಿರ ಅದೃಶ್ಯದ್ರವ್ಯ ಗುಂಪುಗೂಡಿದ್ದರೆ ಅದರ ತೂಕವೂ ಸೇರಿ ನೆರಳು ಹಿಗ್ಗುತ್ತದೆ. ಆದರೆ ಚಿತ್ರವೊಂದನ್ನೇ ನೋಡಿ ಇದನ್ನು ಹೇಳುವಂತಿಲ್ಲ. ತುಸು ದೊಡ್ಡ ಕೃಷ್ಣವಿವರವೂ ಅದೇ ಚಿತ್ರವನ್ನು ಕೊಟ್ಟೀತು. ಆದುದರಿಂದ ಎರಡು ದೂರಗಳಲ್ಲಿ ತೂಗಬೇಕು: ದೂರದಲ್ಲಿ ನಕ್ಷತ್ರಗಳಿಂದ, ಹತ್ತಿರದಲ್ಲಿ ನೆರಳಿನಿಂದ. ಎರಡು ತೂಕಗಳ ಅಂತರವೇ ನಡುವಣ ಕಾಣದ ದ್ರವ್ಯದ ತೂಕ. ಧಾನ್ಯದ ಮೂಟೆಯನ್ನು ಹೊರಡುವ ಊರಿನಲ್ಲೂ ತಲಪುವ ಊರಿನಲ್ಲೂ ತೂಗಿ ನೋಡುವ ವ್ಯಾಪಾರಿಯ ಜಾಣತನ ಇದು.

ಈ ಕೆಲಸಕ್ಕೆ ನಮ್ಮ ಆಕಾಶಗಂಗೆಯ ಕೇಂದ್ರದಷ್ಟು ಪ್ರಶಸ್ತವಾದ ಸ್ಥಳ ಬೇರಿಲ್ಲ. ಅಲ್ಲಿ ಎಸ್ 2 ಎಂಬ ನಕ್ಷತ್ರ ಹದಿನಾರು ವರ್ಷಗಳಿಗೊಮ್ಮೆ ಕೃಷ್ಣವಿವರವನ್ನು ಸುತ್ತುತ್ತದೆ. ಇಂಥ ನಕ್ಷತ್ರಗಳನ್ನು ದಶಕಗಳ ಕಾಲ ಹಿಂಬಾಲಿಸಿದುದಕ್ಕಾಗಿ ರೈನ್‌ಹಾರ್ಡ್ ಗೆಂಜ಼ೆಲ್ ಮತ್ತು ಆಂಡ್ರಿಯಾ ಗೇಜ಼್ ಅವರಿಗೆ 2020ರ ನೊಬೆಲ್ ಪಾರಿತೋಷಿಕದ ಅರ್ಧಭಾಗ ಸಂದಿತು. 2018ರ ಮೇ ತಿಂಗಳಲ್ಲಿ ಎಸ್ 2 ಕೇಂದ್ರಕ್ಕೆ ಅತ್ಯಂತ ಸಮೀಪ ಬಂದು, ಸೆಕೆಂಡಿಗೆ 7,000 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ತಿರುಗಿಹೋಯಿತು. ಐನ್‌ಸ್ಟೈನರ ಸಿದ್ಧಾಂತದ ಪ್ರಕಾರ ಅದರ ದೀರ್ಘವೃತ್ತದ ಕಕ್ಷೆ ಪ್ರತಿ ಸುತ್ತಿಗೂ ಒಂದು ಡಿಗ್ರಿಯ ಐದನೆಯ ಒಂದು ಪಾಲಿನಷ್ಟು ಮುಂದಕ್ಕೆ ತಿರುಗಬೇಕು. ಕಕ್ಷೆಯ ಒಳಗೆ ಅದೃಶ್ಯದ್ರವ್ಯ ಹರಡಿಕೊಂಡಿದ್ದರೆ ಅದು ಕಕ್ಷೆಯನ್ನು ಹಿಂದಕ್ಕೆ ತಿರುಗಿಸಲು ಎಳಸುತ್ತದೆ. 2020ರಲ್ಲಿ ಪ್ರಕಟವಾದ ಅಳತೆ ಮುಂದಕ್ಕೆ ತಿರುಗುವುದನ್ನೇ ತೋರಿಸಿತು. ಅಲ್ಲಿಂದೀಚಿನ ಅಳತೆಗಳನ್ನೂ ಸೇರಿಸಿದರೆ, ಎಸ್ 2ರ ಕಕ್ಷೆಯೊಳಗೆ ಹರಡಿರಬಹುದಾದ ಕಾಣದ ದ್ರವ್ಯ ಕೃಷ್ಣವಿವರದ ತೂಕದ ಸಾವಿರದ ಒಂದು ಪಾಲಿಗಿಂತ ಕಡಮೆ. ಕೃಷ್ಣವಿವರ ಸುಮಾರು 40 ಲಕ್ಷ ಸೂರ್ಯರ ತೂಕದ್ದು; ಅದರ ಸುತ್ತ ಇರಬಹುದಾದ ಕಾಣದ ದ್ರವ್ಯ ಹೆಚ್ಚೆಂದರೆ ಕೆಲವು ಸಾವಿರ ಸೂರ್ಯರಷ್ಟು. ನಕ್ಷತ್ರಗಳು ಹೇಳಿದ ತೂಕಕ್ಕೆ ಅನುಗುಣವಾಗಿಯೇ 2022ರ ಉಂಗುರವೂ ಇತ್ತು.

ಈ ಮಿತಿ ಏಕೆ ಮುಖ್ಯವೆಂದರೆ, ಕೃಷ್ಣವಿವರದ ಬಳಿ ಅದೃಶ್ಯದ್ರವ್ಯ ದಟ್ಟವಾಗಿ ನೆರೆದಿರಬಹುದೆಂದು ನಂಬಲು ಸಕಾರಣವುಂಟು. ಪಾವ್ಲೋ ಗೊಂಡೋಲೋ ಮತ್ತು ಜೋಸೆಫ್ ಸಿಲ್ಕ್ 1999ರಲ್ಲಿ ಹೀಗೆ ತರ್ಕಿಸಿದರು: ಕೃಷ್ಣವಿವರ ನಿಧಾನವಾಗಿ ಬೆಳೆದಿದ್ದರೆ, ಅದರ ಸೆಳೆತ ಹೆಚ್ಚಿದಂತೆಲ್ಲ ಸುತ್ತಣ ಅದೃಶ್ಯದ್ರವ್ಯದ ಕಣಗಳ ಕಕ್ಷೆಗಳೂ ಕುಗ್ಗುತ್ತ ಬಂದು ಕೇಂದ್ರದಲ್ಲಿ ಅವುಗಳ ಸಾಂದ್ರತೆ ಶಿಖರದಂತೆ ಏರಬೇಕು. 2013ರಲ್ಲಿ ಇದೇ ಲೆಕ್ಕವನ್ನು ಸಾಪೇಕ್ಷತಾ ಸಿದ್ಧಾಂತಕ್ಕೆ ಅನುಸಾರವಾಗಿ ಮಾಡಿದಾಗ ಶಿಖರ ಇನ್ನೂ ಒಳಕ್ಕೆ, ದಿಗಂತದ ತ್ರಿಜ್ಯದ ಇಮ್ಮಡಿ ದೂರದವರೆಗೂ ಚಾಚುವುದೆಂದು ಕಂಡಿತು. 2017ರಲ್ಲಿ ಆವರ್ತಿಸುವ ಕೃಷ್ಣವಿವರಕ್ಕೂ ಈ ಲೆಕ್ಕ ವಿಸ್ತರಿಸಿತು. ಸುಳಿಯ ದಿಕ್ಕಿನಲ್ಲಿ ಸುತ್ತುವ ಕಣಗಳು ಮತ್ತಷ್ಟು ಹತ್ತಿರ ಉಳಿಯಬಲ್ಲವು. ಇದಕ್ಕೆ ಪ್ರತಿವಾದವೂ ಇದೆ. ಎರಡು ಗೆಲಕ್ಸಿಗಳು ಕೂಡಿಕೊಂಡಾಗ ಅವುಗಳ ಕೃಷ್ಣವಿವರಗಳೂ ಸುತ್ತಿ ಒಂದಾಗುತ್ತವೆ. ಆ ಕಲಕಾಟದಲ್ಲಿ ಶಿಖರ ಚೆದರಿಹೋಗಬಹುದು. ಶಿಖರ ಇದ್ದರೂ ನೆರಳನ್ನು ಹಿಗ್ಗಿಸುವಷ್ಟು ಭಾರ ಅದಕ್ಕಿದೆಯೇ ಎಂಬುದು ಮುಂದಿನ ಪ್ರಶ್ನೆ. ರೋಮನ್ ಕೊನೊಪ್ಲ್ಯಾ 2019ರಲ್ಲಿ ಇದನ್ನು ಸರಳ ಮಾದರಿಯೊಂದರಿಂದ ಪರಿಶೀಲಿಸಿದರು. ಅದೃಶ್ಯದ್ರವ್ಯ ಕೃಷ್ಣವಿವರದ ತೀರ ಸಮೀಪದಲ್ಲಿ ಅಸಾಧಾರಣವಾಗಿ ಕಿಕ್ಕಿರಿದಿದ್ದ ಹೊರತು ನೆರಳು ಗಮನಾರ್ಹವಾಗಿ ಬದಲಾಗದು ಎಂಬುದು ಅವರ ನಿರ್ಣಯ. ಎಸ್ 2 ಕೊಟ್ಟ ಮಿತಿಯೊಡನೆ ಇದನ್ನು ಸೇರಿಸಿ ನೋಡಿದರೆ, ತೂಕದ ಮೂಲಕ ಅದೃಶ್ಯದ್ರವ್ಯ ನಮ್ಮ ಗೆಲಕ್ಸಿಯ ಕೃಷ್ಣವಿವರದ ಚಿತ್ರವನ್ನು ಕೆಡಿಸಿರುವ ಸಂಭವವಿಲ್ಲವೆಂದೇ ಹೇಳಬೇಕು.

ಉಳಿದಿರುವುದು ಒಂದು ಸೂಕ್ಷ್ಮವಾದ ದಾರಿ. ಇಲ್ಲಿ ಆವರ್ತನೆಯೇ ಮುಖ್ಯ ಪಾತ್ರಧಾರಿ. ಆವರ್ತಿಸುವ ಕೃಷ್ಣವಿವರದಿಂದ ಶಕ್ತಿಯನ್ನು ಹೊರತೆಗೆಯಬಹುದೆಂದು ರೋಜರ್ ಪೆನ್‌ರೋಸ್ 1969ರಲ್ಲಿ ತೋರಿಸಿದ್ದರು. ಅಲೆಗಳೂ ಹೀಗೆಯೇ ಶಕ್ತಿಯನ್ನು ಕದಿಯಬಲ್ಲವು: ತಕ್ಕ ಲಯದ ಅಲೆ ಸುಳಿಗೆ ತಾಗಿ ಹಿಂದಿರುಗುವಾಗ ಬಂದುದಕ್ಕಿಂತ ಬಲವಾಗಿ ಹಿಂದಿರುಗುತ್ತದೆ. ಈಗ ಅದೃಶ್ಯದ್ರವ್ಯದ ಕಣ ಅತಿ ಹಗುರವಾಗಿದೆಯೆಂದು ಭಾವಿಸಿ. ಎಲೆಕ್ಟ್ರಾನಿನ ದ್ರವ್ಯರಾಶಿಯನ್ನು, 1ರ ಮುಂದೆ 26 ಸೊನ್ನೆಗಳನ್ನಿಟ್ಟರೆ ಬರುವ ಸಂಖ್ಯೆಯಿಂದ ಭಾಗಿಸಿದಷ್ಟು ಹಗುರ. ಕ್ವಾಂಟಮ್ ಸಿದ್ಧಾಂತದ ಪ್ರಕಾರ ಕಣ ಹಗುರವಾದಷ್ಟೂ ಅದರ ಅಲೆಯ ಉದ್ದ ಹೆಚ್ಚು. ಇಂಥ ಕಣದ ಅಲೆ ಎಂ 87ರ ಕೃಷ್ಣವಿವರದ ಗಾತ್ರಕ್ಕೆ ಹೋಲಿಸಬಹುದಾದಷ್ಟು ಉದ್ದವಾಗಿರುತ್ತದೆ. ಕಣಕ್ಕೆ ದ್ರವ್ಯರಾಶಿ ಇರುವುದರಿಂದ ಅದರ ಅಲೆ ದೂರ ಓಡಿಹೋಗಲಾರದು. ಮತ್ತೆ ಮತ್ತೆ ಸುಳಿಗೆ ತಾಗಿ, ಬಡ್ಡಿಗೆ ಬಡ್ಡಿ ಸೇರಿದ ಸಾಲದಂತೆ ಬೆಳೆಯುತ್ತದೆ. ಕೊನೆಗೆ ಕೃಷ್ಣವಿವರದ ಸುತ್ತ ಒಂದು ದೊಡ್ಡ ಮೋಡ ಕಟ್ಟುತ್ತದೆ. ಅದು ಕೃಷ್ಣವಿವರದ ತೂಕದ ಹತ್ತನೆಯ ಒಂದು ಪಾಲಿನಷ್ಟನ್ನು ಸೆಳೆದುಕೊಳ್ಳಬಹುದು. ಬೆಲೆ ತೆತ್ತದ್ದು ಕೃಷ್ಣವಿವರ: ಅದರ ಆವರ್ತನೆ ಕುಂದುತ್ತದೆ. ಆವರ್ತನೆ ಕುಂದಿದರೆ ಒಂದು ಬದಿ ಚಪ್ಪಟೆಯಾಗಿದ್ದ ನೆರಳು ಮತ್ತೆ ದುಂಡಗಾಗುತ್ತದೆ, ಪಕ್ಕಕ್ಕೆ ಸರಿದುದು ನಡುವಿಗೆ ಮರಳುತ್ತದೆ.

ಹೀಗೆ ಮೋಡವನ್ನು ಹೊತ್ತ ಕೃಷ್ಣವಿವರಗಳಿಗೆ ನಿಖರವಾದ ಗಣಿತರೂಪವನ್ನು ಪೋರ್ಚುಗಲ್ಲಿನ ಕಾರ್ಲೋಸ್ ಹೆರ್ಡೇರೊ ಮತ್ತು ಯೂಜೆನ್ ರಾಡು 2014ರಲ್ಲಿ ಕೊಟ್ಟರು. ಮರುವರ್ಷ ಅವರೂ ಸಂಗಡಿಗರೂ ಗಣಕಯಂತ್ರದಲ್ಲಿ ಬಿಡಿಸಿದ ನೆರಳುಗಳು ವಿಲಕ್ಷಣವಾಗಿವೆ. ಮೋಡ ಭಾರವಾಗಿದ್ದಾಗ ನೆರಳು ಕೆರ್ ಲೆಕ್ಕಕ್ಕಿಂತ ಚಿಕ್ಕದಾಗಿ, ಕೆಲವೊಮ್ಮೆ ದುಂಡುತನವನ್ನೇ ಬಿಟ್ಟು ಚೌಕದತ್ತ ವಾಲುತ್ತದೆ. ಗಮನಿಸಬೇಕಾದ ಮಾತೆಂದರೆ, ಒಟ್ಟು ತೂಕದಲ್ಲಿ ಒಂದು ಪಾಲು ದಿಗಂತದೊಳಗಿಲ್ಲದೆ ಹೊರಗಿನ ಮೋಡದಲ್ಲಿ ಹರಡಿರುವುದೇ ಈ ಕುಗ್ಗುವಿಕೆಗೆ ಕಾರಣ. ಎಂ 87ರ ಉಂಗುರ ನೂರಕ್ಕೆ ಹತ್ತರೊಳಗಿನ ದೋಷದಲ್ಲಿ ದುಂಡಗೇ ಇದೆ. ಗಾತ್ರವೂ ನಕ್ಷತ್ರಗಳು ಹೇಳಿದಂತೆಯೇ ಇದೆ. 2018ರಲ್ಲಿ ಮತ್ತೆ ತೆಗೆದ, 2024ರಲ್ಲಿ ಪ್ರಕಟವಾದ ಚಿತ್ರದಲ್ಲೂ ವ್ಯಾಸ ಬದಲಾಗಿಲ್ಲ. ಹೊಳೆಯುವ ಭಾಗ ಮಾತ್ರ ಸುಮಾರು 30 ಡಿಗ್ರಿ ಸರಿದಿದೆ. ಆದ್ದರಿಂದ ಭಾರಿ ಮೋಡಕ್ಕೆ ಅಲ್ಲಿ ಎಡೆಯಿದ್ದಂತೆ ತೋರುವುದಿಲ್ಲ.

ಮೋಡ ಹಗುರವಾಗಿದ್ದರೂ ಅದರ ಇರವನ್ನು ಕಂಡುಹಿಡಿಯಲು ಇನ್ನೊಂದು ಉಪಾಯವುಂಟು. ಈ ಕಣಗಳು ಆಕ್ಸಿಯಾನ್ ಎಂಬ ಜಾತಿಗೆ ಸೇರಿದವಾದರೆ, ಅವುಗಳ ಮೋಡದ ಮೂಲಕ ಹಾದುಬರುವ ಬೆಳಕಿನ ಧ್ರುವೀಕರಣದ ದಿಕ್ಕು ಒಂದು ನಿಯತವಾದ ಲಯದಲ್ಲಿ ಅತ್ತಿತ್ತ ತೂಗಬೇಕು. 2021ರ ಮಾರ್ಚಿಯಲ್ಲಿ ಉಂಗುರದ ಧ್ರುವೀಕರಣದ ಚಿತ್ರಗಳು ಪ್ರಕಟವಾದುವು. 2017ರ ಏಪ್ರಿಲ್ 5, 6, 10 ಮತ್ತು 11, ಈ ನಾಲ್ಕು ದಿನಗಳ ವೀಕ್ಷಣೆಗಳನ್ನು ಹೋಲಿಸಿ ಅಂಥ ತೂಗಾಟವನ್ನು ಹುಡುಕಿದರು. ತೂಗಾಟ ಸಿಕ್ಕಲಿಲ್ಲ. ಸಿಕ್ಕದಿದ್ದುದರಿಂದಲೇ, ಈ ಹಗುರ ಕಣಗಳು ಬೆಳಕಿನೊಡನೆ ಎಷ್ಟರಮಟ್ಟಿಗೆ ವ್ಯವಹರಿಸಬಹುದೆಂಬುದಕ್ಕೆ 2022ರಲ್ಲಿ ಬಿಗಿಯಾದ ಮಿತಿಯೊಂದು ದೊರೆಯಿತು. ಇನ್ನು, ಎಂ 87ರ ಕೃಷ್ಣವಿವರ ವೇಗವಾಗಿ ಆವರ್ತಿಸುತ್ತಿದೆಯೆಂದು ನಿಸ್ಸಂಶಯವಾಗಿ ಸ್ಥಾಪಿತವಾದರೆ ಆ ಒಂದೇ ಸಂಗತಿಯಿಂದ ಒಂದು ಬಗೆಯ ಹಗುರ ಕಣಗಳೆಲ್ಲ ಪಟ್ಟಿಯಿಂದ ಹೊರಬೀಳುತ್ತವೆ. ಅವು ಇದ್ದಿದ್ದರೆ ಇಷ್ಟು ಹೊತ್ತಿಗೆ ಆವರ್ತನೆಯನ್ನು ಕದ್ದಿರಬೇಕಾಗಿತ್ತು. ಕಳ್ಳನ ಸುಳಿವು ಸಿಗದಿದ್ದರೂ ಹುಂಡಿಯಲ್ಲಿ ಹಣ ಪೂರ್ತಿ ಇದೆಯೆಂಬುದೇ ಕಳ್ಳ ಬರಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲವೆ?

ಇಷ್ಟು ವಿಚಾರದಿಂದ ಹೊರಡುವ ಫಲಿತಾಂಶವನ್ನು ಒಂದೆಡೆ ಸಂಗ್ರಹಿಸಬಹುದು. ಗೆಲಕ್ಸಿಯನ್ನು ಆವರಿಸಿದ ಸಾಮಾನ್ಯ ಪರಿವೇಷ ನೆರಳನ್ನು ಹತ್ತು ಲಕ್ಷಕ್ಕೊಂದು ಪಾಲಿನಷ್ಟು ಮಾತ್ರ ತಾಗುತ್ತದೆ; ಆದರೆ ಅದನ್ನು ಮರೆತರೆ ಕೃಷ್ಣವಿವರದ ತೂಕವನ್ನೇ ಅರ್ಧಕ್ಕಿಳಿಸುವ ಪ್ರಮಾದವಾಗಬಹುದು. ಕೇಂದ್ರದಲ್ಲಿ ಕಿಕ್ಕಿರಿದ ಶಿಖರವಿದ್ದರೂ, ನಮ್ಮ ಗೆಲಕ್ಸಿಯಲ್ಲಂತೂ ಅದು ಚಿತ್ರವನ್ನು ಕೆಡಿಸುವಷ್ಟು ಭಾರವಾಗಿಲ್ಲ. ಅತಿ ಹಗುರ ಕಣಗಳ ಮೋಡ ಮಾತ್ರ ಆವರ್ತಿಸುವ ಕೃಷ್ಣವಿವರದ ಮುಖವನ್ನು ನಿಜವಾಗಿ ಮಾರ್ಪಡಿಸಬಲ್ಲದು. ಈವರೆಗಿನ ಚಿತ್ರಗಳಲ್ಲಿ ಅದರ ಗುರುತು ಕಂಡಿಲ್ಲ. ಹೀಗಾಗಿ ಕೆರ್ ಲೆಕ್ಕಕ್ಕೆ ಹೋಲಿಸಿ ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷಿಸುವವರು, ಇಂದಿನ ಅಳತೆಗಳ ನಿಖರತೆಯ ಮಟ್ಟದಲ್ಲಿ, ಅದೃಶ್ಯದ್ರವ್ಯಕ್ಕೆ ಅಂಜಬೇಕಾಗಿಲ್ಲ. ನೂರಕ್ಕೆ ಏಳರ ಅನಿಶ್ಚಿತತೆ ನೂರಕ್ಕೆ ಒಂದಕ್ಕೆ ಇಳಿದ ದಿನ ಈ ಪ್ರಶ್ನೆಯನ್ನು ಮತ್ತೆ ಕೇಳಬೇಕಾದೀತು. ಅದಕ್ಕೆ ಭೂಮಿಗಿಂತ ಅಗಲವಾದ ದೂರದರ್ಶಕ ಬೇಕು. ಎಂದರೆ ಆಂಟೆನಾಗಳಲ್ಲಿ ಒಂದಾದರೂ ಭೂಮಿಯನ್ನು ಬಿಟ್ಟು ಮೇಲೇರಬೇಕು. ಅಂಥ ಯೋಜನೆಗಳು ಇನ್ನೂ ಕಾಗದದ ಮೇಲಿವೆ.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತೇವೆ. ಇಲ್ಲಿ ಕತ್ತಲೆಯ ಸುತ್ತಲೇ ದೀಪದ ಬಳೆಯೊಂದು ಹೊತ್ತಿಕೊಂಡಿದೆ. ಆ ಬೆಳಕಿನಲ್ಲಿ ವಿಜ್ಞಾನಿಗಳು ಇನ್ನೊಂದು ಕತ್ತಲೆಯನ್ನು ಅರಸುತ್ತಿದ್ದಾರೆ. ಅದು ಇಲ್ಲಿಲ್ಲ, ಇಷ್ಟಿಲ್ಲ, ಈ ಬಗೆಯದಲ್ಲ ಎಂದು ಒಂದೊಂದಾಗಿ ಅಳೆದು ಹೇಳುವುದು ಸೋಲಿನ ಮಾತೆಂದು ನನಗೆ ತೋರುವುದಿಲ್ಲ. ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಐದು ಪಾಲು ಯಾವುದೆಂದು ತಿಳಿಯದಿರುವಾಗ, ಯಾವುದಲ್ಲವೆಂದು ಖಚಿತವಾಗಿ ತಿಳಿಯುವುದೂ ಅರಿವಿನ ಒಂದು ಮೆಟ್ಟಿಲೇ.